ತಾನೇ ಆರಿ ತಾನೇ ಹತ್ತುವ ದೀಪವನ್ನು ಕುರಿತು



ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಸ್ತ್ರೀಯ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಆಕೆಯು ಅಳುತ್ತಾ ಕೂತುಕೊಳ್ಳಲಿಲ್ಲ, ನೆರೆಯವಳ ಮೇಲೆ ಕಳ್ಳತನ ಹೊರಿಸಲಿಲ್ಲ, ಕಣಿ ಕೇಳುವದಕ್ಕೂ ಹೋಗಲಿಲ್ಲ. ದೀಪ ಹಚ್ಚಿದಳು, ಮನೆ ಗುಡಿಸಿದಳು, ಸಿಕ್ಕುವ ತನಕ ಹುಡುಕಿದಳು. ಈ ಮೂರು ಕೆಲಸಗಳನ್ನು ಕುರಿತು ನಾವು ಅನೇಕ ಸಾರಿ ಉಪದೇಶಿಸಿದ್ದೇವೆ. ಆದರೆ ಹಚ್ಚಿದ ದೀಪವೇ ಸ್ಥಿರವಾಗಿ ನಿಲ್ಲದೆ ಒಮ್ಮೆ ಆರಿ ಒಮ್ಮೆ ಹತ್ತುವದಾದರೆ ಆಗ ಏನನ್ನು ಹುಡುಕತಕ್ಕದ್ದು, ಎಲ್ಲಿ ಹುಡುಕತಕ್ಕದ್ದು ಎಂಬ ಯೋಚನೆಯು ಕಳೆದ ಮಳೆಗಾಲದ ವರೆಗೆ ನಮಗೂ ಬಂದಿರಲಿಲ್ಲ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಇದು ದೊಡ್ಡ ಪ್ರಶ್ನೆಯಾಗಿರಲಿಲ್ಲ. ಹಣತೆ ಆರಿತೆಂದರೆ ಎಣ್ಣೆ ತೀರಿರಬೇಕು, ಬತ್ತಿ ಕರಿಕಟ್ಟಿರಬೇಕು, ಇಲ್ಲವೆ ಗಾಳಿ ಬೀಸಿರಬೇಕು. ಇದನ್ನು ಐದು ವರುಷದ ಮಗುವೂ ಹೇಳೀತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದದ್ದು ೧೯೦೨ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಉರಿದದ್ದು ೧೯೦೫ರಲ್ಲಿ. ನಮ್ಮಂಥ ಊರುಗಳಿಗೆ ಅದು ಬಂದದ್ದು ಎಷ್ಟೋ ತಡವಾಗಿ. ಬಡವರ ಗುಡಿಸಲುಗಳಲ್ಲಿ ಅನೇಕವು ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬಿನಿಂದ ಮೊದಲು ಬೆಳಕು ಕಂಡವು. ಹೀಗೆ ಬಂದ ದೀಪಕ್ಕೆ ಎಣ್ಣೆಯೂ ಇಲ್ಲ, ಬತ್ತಿಯೂ ಇಲ್ಲ. ಅದರ ಕಾರಣಗಳೆಲ್ಲಾ ಗೋಡೆಯೊಳಗೆ ಅಡಗಿಕೊಂಡಿವೆ. ಕಾಣದ ಕಾರಣಕ್ಕೆ ಮನುಷ್ಯನು ಬೇಗನೆ ಒಂದು ಹೆಸರನ್ನು ಕೊಡುತ್ತಾನೆ, ಮತ್ತು ಆ ಹೆಸರು ಹೆಚ್ಚಾಗಿ ಒಳ್ಳೇದಾಗಿರುವದಿಲ್ಲ.

ನಮ್ಮ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಂದು ಕುಟುಂಬವುಂಟು. ಆ ಮನೆಯ ಮುದುಕಿ ತಾಯಿಯು ಬಹು ದಿವಸ ಹಾಸಿಗೆ ಹಿಡಿದು ಆಷಾಢದಲ್ಲಿ ತೀರಿಕೊಂಡಳು. ಹೂಣಿಟ್ಟ ರಾತ್ರಿಯಿಂದಲೇ ಆಕೆ ಮಲಗುತ್ತಿದ್ದ ಕೋಣೆಯ ದೀಪವು, ಸ್ವಿಚ್ಚನ್ನು ಆರಿಸಿದ ಮೇಲೆಯೂ, ಕತ್ತಲೆಯಲ್ಲಿ ಫಕ್ಕನೆ ಮಿಂಚಿ ಆರುತ್ತಾ ಇತ್ತು. ಮೊದಲು ಕಂಡವರು ಮಕ್ಕಳು. ಆ ಮೇಲೆ ದೊಡ್ಡವರು ಕಂಡರು. ಆ ಮೇಲೆ ಓಣಿಯವರು ಕಂಡರು. ಒಂದು ವಾರದೊಳಗೆ ಊರಲ್ಲೆಲ್ಲಾ ಒಂದೇ ಮಾತು: ಮುದುಕಿಗೆ ಶಾಂತಿಯಿಲ್ಲ, ಕಿರಿಯ ಸೊಸೆ ಕಡೆಗಾಲದಲ್ಲಿ ಹೊತ್ತಿಗೆ ಸರಿಯಾಗಿ ಗಂಜಿ ಕೊಡಲಿಲ್ಲ, ಅದಕ್ಕೇ ಹೀಗೆ. ಈ ಸೊಸೆಯೇ ಆ ರೋಗಿಯ ಮೈ ತೊಳೆದವಳು, ಮಲಮೂತ್ರ ಬಳಿದವಳು ಎಂಬದನ್ನು ನಾವು ಕಣ್ಣಾರೆ ಕಂಡಿದ್ದೆವು. ಆದರೆ ಗೋಡೆಯ ಮೇಲಿನ ದೀಪವು ಸಾಕ್ಷಿ ಹೇಳುತ್ತಿರುವಾಗ ಉಪದೇಶಿಯ ಮಾತನ್ನು ಕೇಳುವವರು ಯಾರು? ಆಕೆಯನ್ನು ಕೂಸಿನೊಂದಿಗೆ ತವರಿಗೆ ಕಳುಹಿಸಿಬಿಟ್ಟರು. ಹಿರಿಯ ಮಗನು ಯಾರೋ ಒಬ್ಬ ಮಂತ್ರಗಾರನಿಗೆ ಹೇಳಿಕಳುಹಿಸಬೇಕೆಂದು ಇದ್ದನು. ಸಭೆಗೆ ನಾಚಿ ಮೊದಲು ನಮಗೆ ಹೇಳಿಕಳುಹಿಸಿದನು.

ನಾವು ಹೋಗಿ ಆ ಕೋಣೆಯಲ್ಲಿ ಕತ್ತಲು ಮಾಡಿಕೊಂಡು ಕೂತೆವು. ಸುಳ್ಳು ಯಾಕೆ ಹೇಳಬೇಕು? ಮೊದಲನೆಯ ಸಾರಿ ಅದು ಮಿಂಚಿದಾಗ ನಮ್ಮ ಮೈಯೂ ಜುಮ್ಮೆಂದಿತು. ಹಿರಿಯ ಮಗನು ಮೆಲ್ಲಗೆ— ಅಯ್ಯನವರೇ, ಈ ಕೋಣೆಯಲ್ಲಿ ಒಂದು ವಿಶೇಷ ಪ್ರಾರ್ಥನೆ ಮಾಡಿರಿ, ಅಂದನು. ನಾವು ಎದ್ದು ನಿಂತೆವು ಸಹ. ಆದರೆ ಅಲ್ಲಿ ನಾವು ಪ್ರಾರ್ಥಿಸಿದ್ದರೆ ಅದು ಏನೆಂದಾಗುತ್ತಿತ್ತು? ಅಲ್ಲಿ ದೆವ್ವವಿದೆ ಎಂದು ಉಪದೇಶಿಯೇ ಒಪ್ಪಿ ಮುದ್ರೆ ಹಾಕಿದಂತೆ ಆಗುತ್ತಿತ್ತು. ಮರುದಿನ ಸೊಸೆಯ ಮೇಲಿನ ಅಪವಾದವು ಎರಡರಷ್ಟಾಗುತ್ತಿತ್ತು. ಪ್ರಾರ್ಥನೆಯು ಒಳ್ಳೇದೇ. ಆದರೂ ಹುಡುಕತಕ್ಕ ಸ್ಥಳದಲ್ಲಿ ಹುಡುಕದೆ ಪ್ರಾರ್ಥಿಸುವದು ಸೋಮಾರಿಯ ಪ್ರಾರ್ಥನೆಯಾಗಿರುತ್ತದೆ ಎಂದು ನಮ್ಮ ಅಭಿಪ್ರಾಯ. ನಾವು ತಿರಿಗಿ ಕೂತುಕೊಂಡು ಎಣಿಸಹತ್ತಿದೆವು. ಒಂದು, ಎರಡು, ಮೂರು, ನಾಲ್ಕು, ಐದು: ಮಿಂಚು. ಪುನಃ ಐದು: ಮಿಂಚು. ಹತ್ತಿಪ್ಪತ್ತು ಸಾರಿ ಎಣಿಸಿದರೂ ಲೆಕ್ಕ ತಪ್ಪಲಿಲ್ಲ. ದುಃಖದಲ್ಲಿರುವವರು ಇಷ್ಟು ಸರಿಯಾಗಿ ಗಡಿಯಾರದ ಹಾಗೆ ನಡಕೊಳ್ಳುವದನ್ನು ನಾವು ಎಲ್ಲಿಯೂ ಕಂಡಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಆ ಮನೆಯ ಚಿಕ್ಕ ಹುಡುಗಿಯು— ಕರೆಂಟು ಹೋದ ರಾತ್ರಿ ಅಜ್ಜಿ ಬರುವದಿಲ್ಲ, ಅಂದಳು.

ದೊಡ್ಡವರಾದ ನಾವೆಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಈ ಮಾತಿನಲ್ಲಿ ಎಲ್ಲವೂ ಇತ್ತು. ಕರೆಂಟು ಇರುವಾಗ ಬಂದು ಕರೆಂಟು ಹೋದಾಗ ಹೋಗುವದು ಕರೆಂಟೇ ಹೊರತು ಮತ್ತೊಂದಲ್ಲ. ನಾವು— ಈ ಕೋಣೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರೋ? ಎಂದು ಕೇಳಿದೆವು. ಹಿರಿಯ ಮಗನು ಸ್ವಲ್ಪ ಹೊತ್ತು ನೆನಸಿಕೊಂಡು— ಹೂಣಿಡುವ ದಿವಸ ಬೀಗರು ಬರುತ್ತಾರೆಂದು ಹಳೇ ಬಲ್ಬು ತೆಗೆದು ಹೊಸ ಎಲ್.ಇ.ಡಿ. ಬಲ್ಬು ಹಾಕಿದೆವು, ಮುರಿದ ಸ್ವಿಚ್ಚು ತೆಗೆದು ಕೆಂಪು ದೀಪವಿದ್ದ ಹೊಸದನ್ನು ಹಾಕಿಸಿದೆವು, ಅಂದನು. ಎರಡೂ ಅದೇ ದಿವಸ! ತಾಯಿಯ ಆತ್ಮವು ಬಂದದ್ದೂ ಅದೇ ದಿವಸ!

ಈಗ ಇದನ್ನು ನಮ್ಮ ಸಭೆಯ ಒಬ್ಬ ಯೌವನಸ್ಥನು, ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸ ಕಲಿತವನು, ಮರುದಿನ ಬಂದು ನಮಗೆ ಬಿಡಿಸಿ ಹೇಳಿದ ಪ್ರಕಾರ ಬರೆಯುತ್ತೇವೆ. ಕತ್ತಲೆಯಲ್ಲಿ ಕೈಗೆ ಸಿಕ್ಕುವ ಹಾಗೆ ಕೆಲವು ಸ್ವಿಚ್ಚುಗಳಲ್ಲಿ ಒಂದು ಚಿಕ್ಕ ಕೆಂಪು ದೀಪವನ್ನು ಇಟ್ಟಿರುತ್ತಾರೆ. ಸ್ವಿಚ್ಚು ಆರಿಸಿದಾಗಲೇ ಅದು ಉರಿಯುವದು. ಅದು ಉರಿಯಬೇಕಾದರೆ ಅತ್ಯಲ್ಪವಾದ ಕರೆಂಟು ಮೇಲಿನ ಬಲ್ಬಿನ ಮೂಲಕವಾಗಿಯೇ ಹಾದು ಹೋಗಬೇಕು. ಹಳೇ ಕಾಲದ ತಂತಿ ಬಲ್ಬಿಗೆ ಇದು ತಿಳಿಯುತ್ತಲೂ ಇರಲಿಲ್ಲ; ೬೦ ವಾಟ್ ಉಣ್ಣುವವನಿಗೆ ಒಂದು ಅಗುಳು ಯಾವ ಲೆಕ್ಕ? ಆದರೆ ಎಲ್.ಇ.ಡಿ. ಬಲ್ಬಿನ ಬುಡದಲ್ಲಿ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಒಂದು ಚಿಕ್ಕ ಪಾತ್ರೆಯಂಥ ಭಾಗವಿರುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಇಟ್ಟ ಚೆಂಬಿನ ಹಾಗೆ ಅದು ಹನಿ ಹನಿಯಾಗಿ ತುಂಬಿಕೊಳ್ಳುತ್ತದೆ, ತುಂಬಿದ ಕೂಡಲೆ ಒಂದು ಸಾರಿ ಫಕ್ಕನೆ ಬೆಳಗಿ ಬರಿದಾಗುತ್ತದೆ, ಪುನಃ ತುಂಬುತ್ತದೆ. ಐದು ಎಣಿಕೆಗೆ ಒಂದು ಮಿಂಚು ಬಂದದ್ದು ಇದರಿಂದಲೇ. ಅವನು ಮೇನ್ ಸ್ವಿಚ್ಚನ್ನು ಆರಿಸಿ, ಕೆಂಪು ದೀಪದ ಸ್ವಿಚ್ಚನ್ನು ತೆಗೆದು, ಸಾದಾ ಸ್ವಿಚ್ಚನ್ನು ಕೂಡಿಸಿದನು. ಆ ರಾತ್ರಿ ಓಣಿಯ ಜನರೆಲ್ಲಾ ಕಿಟಕಿಯ ಹತ್ತರ ನಿಂತು ಕಾದರು. ಕೋಣೆಯು ಕತ್ತಲೆಯಾಗಿಯೇ ಇತ್ತು. ಕೆಲವರಿಗೆ ಸ್ವಲ್ಪ ನಿರಾಶೆಯೂ ಆದ ಹಾಗೆ ನಮಗೆ ಕಂಡಿತು.

ಆರಿಸಿದ ದೀಪವು ಮಂದವಾಗಿ ಹೊಳೆಯುವದಕ್ಕೂ ಮಿಂಚುವದಕ್ಕೂ ಇನ್ನೊಂದು ಕಾರಣವುಂಟೆಂದು ಅವನು ಹೇಳಿದನು. ಅದನ್ನು ಬಿಡಬಾರದು, ಯಾಕಂದರೆ ಅದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸು, ಮತ್ತೊಂದು ನ್ಯೂಟ್ರಲ್. ಸ್ವಿಚ್ಚು ಫೇಸನ್ನು ಕಡಿಯತಕ್ಕದ್ದು. ತಿಳಿಯದವನು ಕೆಲಸ ಮಾಡಿದ್ದರೆ ಅದು ನ್ಯೂಟ್ರಲನ್ನು ಕಡಿಯುತ್ತಿರುತ್ತದೆ. ಆಗ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ; ಸ್ವಿಚ್ಚು ಆರಿಸಿದ್ದೇವಲ್ಲಾ ಎಂದು ನಂಬಿ ಬಲ್ಬು ಬಿಚ್ಚುವವನ ಬೆರಳಿಗೆ ಅದು ಹೊಡೆಯುತ್ತದೆ. ಆದದರಿಂದ ಬಲ್ಬು ಬದಲಾಯಿಸುವಾಗಲೂ ಮೇನ್ ಸ್ವಿಚ್ಚನ್ನೇ ಆರಿಸಿ, ಕೈ ಒರಸಿಕೊಂಡು, ಒಣಗಿದ ಮರದ ಮಣೆಯ ಮೇಲೆ ನಿಂತು ಕೈಯಿಡಿರಿ.

ಇಷ್ಟರಲ್ಲಿ ಮುಗಿಯಿತೆಂದು ನಾವು ಬೈಬಲು ಕಂಕುಳಲ್ಲಿಟ್ಟುಕೊಂಡು ಹೊರಟಿದ್ದೆವು. ಅಷ್ಟರೊಳಗೆ ಹಿರಿಯ ಸೊಸೆಯು ಒಳಗೆ ಚಟ್ನಿ ಅರೆಯುವದಕ್ಕೆ ಮಿಕ್ಸರನ್ನು ಹಾಕಿದಳು. ಮನೆಯ ದೀಪಗಳೆಲ್ಲಾ ಒಂದೇ ಸಾರಿ ತಗ್ಗಿ, ಎದ್ದು, ಪುನಃ ತಗ್ಗಿದವು. ಆ ಯೌವನಸ್ಥನು ತಲೆಯೆತ್ತಿ— ಇದು ಎಷ್ಟು ದಿವಸದಿಂದ? ಎಂದು ಕೇಳಿದನು. ಹಿರಿಯ ಮಗನು— ಅದೇನು ಬಿಡಪ್ಪಾ, ಎರಡು ವರುಷದಿಂದ ಹೀಗೇ ಇದೆ, ಫ್ಯೂಜಿನ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರೆ ಸರಿಹೋಗುತ್ತದೆ, ಅಂದನು.

ಅವನು ಮೇನ್ ಆರಿಸಿ, ಮೀಟರಿನ ಈಚೆ ಇರುವ ಮನೆಯ ಫ್ಯೂಜನ್ನು ಹೊರಗೆ ಎಳೆದು ನಮಗೆ ತೋರಿಸಿದನು. ಬಿಳೀ ಪಿಂಗಾಣಿಯು ಕಂದುಬಣ್ಣವಾಗಿತ್ತು. ಹಿತ್ತಾಳೆಯ ನಾಲಿಗೆಗಳು ಕಪ್ಪಾಗಿ ಗುಳಿಬಿದ್ದಿದ್ದವು. ಅದಕ್ಕೆ ಸೇರಿದ ತಂತಿಯ ಮೇಲ್ಸುತ್ತು ಬೆರಳಿನಿಂದ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಆ ಪೆಟ್ಟಿಗೆಯ ಹಿಂದೆ ಮರದ ಹಲಗೆ. ಹಲಗೆಯ ಮೇಲೆ ರೊಟ್ಟಿಯ ತವೆಯಷ್ಟು ಅಗಲ ಸುಟ್ಟ ಕಲೆ. ಅದರ ಮೇಲೆ ಒಣಗಿದ ಕಣಿಕೆಯ ಅಟ್ಟ. ಮನೆಯವರು ಮಾತಾಡಲಿಲ್ಲ. ನಮಗೂ ಗಂಟಲು ಒಣಗಿತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಯಾವ ದೀಪಕ್ಕೆ ಊರೆಲ್ಲಾ ಹೆದರಿತೋ, ಯಾವದರ ನಿಮಿತ್ತ ಒಬ್ಬ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಅಳುತ್ತಾ ಹೋದಳೋ, ಅದರಿಂದ ಒಂದು ಇರುವೆಗೂ ಅಪಾಯವಿರಲಿಲ್ಲ. ಯಾವದನ್ನು ಎರಡು ವರುಷ ಒಂದು ಗುದ್ದಿನಿಂದ ಸುಮ್ಮನಿರಿಸಿದರೋ, ಅದು ಮಲಗಿರುವವರ ಸಹಿತವಾಗಿ ಮನೆಯನ್ನು ಸುಡುವದಕ್ಕೆ ಸಿದ್ಧವಾಗಿತ್ತು. ಹೇಗಂದರೆ: ಎರಡು ಲೋಹಗಳು ಬಿಗಿಯಾಗಿ ಮುಟ್ಟಿಕೊಂಡಿರುವಲ್ಲಿ ಕರೆಂಟು ಸುಲಭವಾಗಿ ದಾಟುತ್ತದೆ. ಸಡಿಲವಾದರೆ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿ ದಾಟಬೇಕಾಗುತ್ತದೆ. ಆ ಸ್ಥಳವು ಕಾಯುತ್ತದೆ. ಕಾದ ಲೋಹವು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ದಿವಸಕ್ಕೆ ಹತ್ತು ಸಾರಿ ಆಗುತ್ತಾ ಸ್ಕ್ರೂ ಇನ್ನೂ ಸಡಿಲಾಗುತ್ತದೆ, ಮೇಲೆ ಕಿಲುಬು ಕಟ್ಟುತ್ತದೆ, ಇನ್ನೂ ಹೆಚ್ಚು ಕಾಯುತ್ತದೆ. ಫ್ಯೂಜು ಕಾಪಾಡುವದಿಲ್ಲವೋ ಎಂದು ನೀವು ಕೇಳುವಿರಿ. ನಾವೂ ಕೇಳಿದೆವು. ಫ್ಯೂಜಾಗಲಿ, ಈಗಿನ ಎಂ.ಸಿ.ಬಿ. ಆಗಲಿ ಕರೆಂಟು ಮಿತಿಮೀರಿದರೆ ಮಾತ್ರ ಕಡಿಯುತ್ತದೆ. ಸಡಿಲವಾದ ಕೂಡುಗೆಯಲ್ಲಿ ಕರೆಂಟು ಹೆಚ್ಚುವದೇ ಇಲ್ಲ. ಉರಿ ಮಾತ್ರ ಹೆಚ್ಚುತ್ತದೆ. ಆದದರಿಂದ ಕಾವಲುಗಾರನು ನೋಡುತ್ತಾ ಇರುವಾಗಲೇ ಅವನ ಕಣ್ಣೆದುರಿನಲ್ಲಿ ಮನೆಯು ಸುಡಬಹುದು. ಇಲ್ಲಿಯಂತೂ ಕಾವಲುಗಾರನ ಕಾಲೇ ಸುಡುತ್ತಾ ಇತ್ತು.

ಆ ಯೌವನಸ್ಥನನ್ನು ನಾವು ಊಟಕ್ಕೆ ಕೂರಿಸಿ ಇನ್ನೂ ಕೆಲವು ಸಂಗತಿಗಳನ್ನು ಕೇಳಿ ತಿಳಿದೆವು. ದೀಪ ಕೈಕೊಟ್ಟಾಗ ಮೊದಲು ಕೇಳತಕ್ಕ ಪ್ರಶ್ನೆ, ಎಷ್ಟು ದೀಪ? ಎಂಬದು. ಒಂದೋ, ಒಂದು ಕೋಣೆಯವೋ, ಮನೆಯವೆಲ್ಲವೋ, ನೆರೆಮನೆಯವೂ ಸಹವೋ? ಒಂದು ಸಂಜೆ ಬಾಗಿಲಲ್ಲಿ ನಿಂತು ಓಣಿಯನ್ನು ನೋಡಿದರೆ ಅರ್ಧ ಹುಡುಕಾಟ ತೀರಿತು.

ಒಂದೇ ದೀಪವಾದರೆ ಮೊದಲು ಬಲ್ಬನ್ನೇ ಸಂಶಯಪಡಿರಿ. ಚೆನ್ನಾಗಿ ಉರಿಯುವ ಇನ್ನೊಂದು ಬಲ್ಬನ್ನು ಅಲ್ಲಿ ಹಾಕಿರಿ, ಇದನ್ನು ಬೇರೆ ಕಡೆ ಹಾಕಿರಿ. ತಪ್ಪು ಬಲ್ಬಿನೊಂದಿಗೆ ಹೋಯಿತೋ, ಸ್ಥಳದಲ್ಲೇ ಉಳಿಯಿತೋ ನೋಡಿರಿ. (ಮನುಷ್ಯರ ಜಗಳಗಳಲ್ಲಿಯೂ ಈ ಪರೀಕ್ಷೆಯು ಉಪಯೋಗವಾದೀತೆಂದು ನಮಗೆ ಆಗಾಗ್ಗೆ ಅನಿಸುವದುಂಟು.) ಸ್ಥಳದಲ್ಲೇ ಉಳಿದರೆ ಹೋಲ್ಡರನ್ನು ನೋಡತಕ್ಕದ್ದು. ನಮ್ಮ ಕಡೆಯ ಹೋಲ್ಡರುಗಳಲ್ಲಿ ಬಲ್ಬಿನ ಬುಡಕ್ಕೆ ತಾಗುವ ಎರಡು ಮೊಳೆಗಳಿದ್ದು ಅವುಗಳ ಹಿಂದೆ ಸ್ಪ್ರಿಂಗುಗಳಿರುತ್ತವೆ. ವರುಷಗಟ್ಟಲೆ ಕಾದು ಅವು ಸೋತುಹೋಗುತ್ತವೆ, ಮೊಳೆಯ ತುದಿ ಕಪ್ಪಾಗುತ್ತದೆ. ಗಾಳಿಗೆ ಅಲುಗಾಡಿದರೆ ಆರುವ, ತಟ್ಟಿದರೆ ಹತ್ತುವ ದೀಪದ ರೋಗವು ಹೆಚ್ಚಾಗಿ ಇದೇ. ಹೊಸ ಹೋಲ್ಡರಿಗೆ ಆಗುವ ಖರ್ಚು ಅಲ್ಪ. ಕಾಗದ ಮಡಿಚಿ ಸಂದಿಗೆ ತುರುಕಿ ದಿನ ನೂಕುವವರು ಬೆಂಕಿಗೆ ಬತ್ತಿ ಹೊಸೆಯುತ್ತಾರೆ. ಎಲ್.ಇ.ಡಿ. ಬಲ್ಬು ಹತ್ತಿ ಸ್ವಲ್ಪ ಹೊತ್ತಿನ ಮೇಲೆ ಆರಿ, ತಣ್ಣಗಾದ ಮೇಲೆ ತಿರಿಗಿ ಹತ್ತುವದಾದರೆ ಅದರ ಬುಡದಲ್ಲಿ ಕಾವು ಹೆಚ್ಚುತ್ತಿದೆ. ಅದನ್ನು ಮುಚ್ಚಿದ ಗಾಜಿನ ಬುರುಡೆಯಲ್ಲಿ ಇಡಬಾರದು. ಟ್ಯೂಬ್ ಲೈಟು ಇನ್ನೂ ಇಟ್ಟುಕೊಂಡಿರುವವರಿಗೆ ಸ್ಟಾರ್ಟರಿನ ಸಂಗತಿ ತಿಳಿದೇ ಇದೆ. ಎರಡು ಕೊನೆಗಳು ಕಪ್ಪಾಗಿದ್ದರೆ ಟ್ಯೂಬಿನ ಆಯುಸ್ಸೇ ತೀರುತ್ತಾ ಬಂತು. ಸ್ವಿಚ್ಚು ಒತ್ತಿದಾಗ ಒಳಗೆ ಚಿರ್ ಚಿರ್ ಎಂದು ಶಬ್ದವಾದರೆ, ಅದು ಬೆಚ್ಚಗಿದ್ದರೆ, ಆ ಸ್ವಿಚ್ಚನ್ನು ಅಂದೇ ತೆಗೆಯಿಸಿರಿ.

ಒಂದು ಕೋಣೆಯ ದೀಪಗಳೆಲ್ಲಾ ಒಟ್ಟಿಗೆ ಆಡಿದರೆ ಆ ಕೋಣೆಗೆ ಹೋಗುವ ದಾರಿಯಲ್ಲಿ ಎಲ್ಲೋ ತಿರುಚಿ ಪಟ್ಟಿ ಸುತ್ತಿದ ಗಂಟು ಇರುತ್ತದೆ, ಇಲ್ಲವೆ ಅಟ್ಟದ ಮೇಲೆ ಇಲಿ ತಂತಿಯನ್ನು ಕಡಿದಿರುತ್ತದೆ. ಮಳೆ ಬಂದಾಗ ಮಾತ್ರ ಹೀಗಾದರೆ ಗೋಡೆಯ ತೇವವನ್ನೂ ಹೊರಗಿನ ದೀಪವನ್ನೂ ನೋಡಿರಿ.

ಮನೆಯ ದೀಪಗಳೆಲ್ಲಾ ಆಡುತ್ತಾ ನೆರೆಮನೆಯವು ಸ್ಥಿರವಾಗಿದ್ದರೆ ತಪ್ಪು ನಿಮ್ಮ ಫ್ಯೂಜಿನಲ್ಲಿ, ಮೇನ್ ಸ್ವಿಚ್ಚಿನಲ್ಲಿ, ಮೀಟರಿನಲ್ಲಿ, ಇಲ್ಲವೆ ಕಂಬದಿಂದ ಬರುವ ತಂತಿಯಲ್ಲಿ ಇರುತ್ತದೆ. ಅಲ್ಯೂಮಿನಿಯಂ ತಂತಿಯ ಗಂಟುಗಳು ಗಾಳಿಗೆ ತೂಗಾಡಿ ಸಡಿಲಾಗುತ್ತವೆ, ಮೇಲೆ ಪೊರೆ ಕಟ್ಟುತ್ತವೆ. ಮೀಟರಿನ ಮುದ್ರೆಯನ್ನೂ ಕಂಬವನ್ನೂ ನಾವಾಗಲಿ ನಮ್ಮ ಮಕ್ಕಳಾಗಲಿ ಮುಟ್ಟತಕ್ಕದ್ದಲ್ಲ. ಅದು ಲೈನ್‌ಮನ್ನನ ಕೆಲಸ. ೧೯೧೨ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಬರೆಯಿಸಿರಿ, ದೂರಿನ ಸಂಖ್ಯೆಯನ್ನು ಕೇಳಿ ಗುರುತಿಟ್ಟುಕೊಳ್ಳಿರಿ. ಹೊಲದ ಪಂಪು ಶುರುವಾದಾಗ ದೀಪ ಒಂದು ಕ್ಷಣ ತಗ್ಗಿ ಎದ್ದರೆ ಅದಕ್ಕಾಗಿ ಹೆದರಬೇಕಾಗಿಲ್ಲ.

ಇನ್ನೊಂದನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿರಿ. ನಿಮ್ಮ ಮನೆಯ ದೀಪವು ಇದ್ದಕ್ಕಿದ್ದ ಹಾಗೆ ಕಣ್ಣು ಕುಕ್ಕುವಂತೆ ಉರಿದು ನೆರೆಮನೆಯದು ಮಂಕಾದರೆ, ಅಥವಾ ನಿಮ್ಮಲ್ಲೇ ಹೊಳಪೂ ಮಂಕೂ ಒಂದರ ಹಿಂದೆ ಒಂದು ಬಂದರೆ, ಕಂಬದ ಬಳಿ ನ್ಯೂಟ್ರಲ್ ತಂತಿ ಕಡಿದಿರಬಹುದು. ಊರಿಗೆ ಬರುವ ಮೂರು ಫೇಸುಗಳನ್ನು ಮನೆಗಳಿಗೆ ಹಂಚಿರುತ್ತಾರೆ. ನ್ಯೂಟ್ರಲ್ ಇರುವ ತನಕ ಪ್ರತಿ ಮನೆಗೆ ೨೩೦ ವೋಲ್ಟಿನಂತೆ ದೊರೆಯುತ್ತದೆ. ಎರಡು ಫೇಸುಗಳ ನಡುವೆ ಇರುವದೋ ಸುಮಾರು ೪೦೦. ನ್ಯೂಟ್ರಲ್ ಹೋಯಿತೆಂದರೆ ಈ ೪೦೦ನ್ನು ನೆರೆಯ ಮನೆಗಳು ತಮ್ಮತಮ್ಮೊಳಗೆ ಹಂಚಿಕೊಳ್ಳಬೇಕಾಗುತ್ತದೆ. ಕಡಿಮೆ ದೀಪ ಹಚ್ಚಿದ ಮನೆಗೆ ಹೆಚ್ಚು ಪಾಲು ಬಂದು ಬೀಳುತ್ತದೆ. ಆಗ ಯೋಚಿಸುತ್ತಾ ನಿಲ್ಲಬೇಡಿರಿ. ಮೇನ್ ಸ್ವಿಚ್ಚನ್ನು ಆರಿಸಿರಿ, ನೆರೆಯವರಿಗೂ ಕೂಗಿ ಹೇಳಿರಿ, ೧೯೧೨ಕ್ಕೆ ತಿಳಿಸಿರಿ.

ಆ ಮನೆಯಲ್ಲಿ ಹಲಗೆಯನ್ನು ಕಿತ್ತು, ಹೊಸ ಪೆಟ್ಟಿಗೆಯನ್ನು ಹಾಕಿ, ಸುಟ್ಟ ತಂತಿಯನ್ನು ಬದಲಾಯಿಸುವದಕ್ಕೆ ಒಂದು ಹಗಲು ಹಿಡಿಯಿತು. ಕಣಿಕೆಯ ಅಟ್ಟವನ್ನು ಕೊಟ್ಟಿಗೆಗೆ ಸಾಗಿಸಿದರು. ಮುಂದಿನ ಕರ್ತನ ದಿನ ನಾವು ಹೋದಾಗ ದೀಪಗಳೆಲ್ಲಾ ಸರಿಯಾಗಿ ಉರಿಯುತ್ತಿದ್ದವು, ಆದರೆ ಕಿರಿಯ ಸೊಸೆ ಇನ್ನೂ ಬಂದಿರಲಿಲ್ಲ. ಹಿರಿಯ ಮಗನು— ಅವಳೇ ಬರಲಿ, ಅಯ್ಯನವರೇ, ನಾವೇನು ಬರಬೇಡವೆಂದು ಹೇಳಿಲ್ಲ, ಅಂದನು. ಆಗ ನಾವು ಸ್ವಲ್ಪ ಗಟ್ಟಿಯಾಗಿ ಮಾತಾಡಿದೆವು. ಅಂಗಡಿಯಿಂದ ಸ್ವಿಚ್ಚು ತಂದವನು ನೀನು, ಫ್ಯೂಜಿಗೆ ಗುದ್ದಿದವನು ನೀನು. ಊರ ಮುಂದೆ ಹೆಸರು ಕೆಟ್ಟದ್ದು ಅವಳದು. ಓಣಿಯ ಎದುರಿಗೆ ಅವಳನ್ನು ಕಳುಹಿಸಿದ ಮೇಲೆ ಓಣಿಯ ಎದುರಿಗೇ ಹೋಗಿ ಕರೆದುಕೊಂಡು ಬರತಕ್ಕದ್ದು, ಎಂದೆವು. ಅವನು ಬಹಳ ಹೊತ್ತು ಆ ಕೆಂಪು ದೀಪದ ಸ್ವಿಚ್ಚನ್ನು ಕೈಯಲ್ಲಿ ತಿರುವುತ್ತಾ ಕೂತಿದ್ದನು. ಸೋಮವಾರ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಅವನೂ ಅವನ ತಮ್ಮನೂ ಹೋದರು. ಸಂಜೆ ಇಳಿಯುವಾಗ ಕೂಸನ್ನು ಎತ್ತಿಕೊಂಡಿದ್ದವನು ಹಿರಿಯವನು.